ಕಲ್ಲುಸಿಗಡಿಯ ಬೆನ್ನಿನ ಗೆರೆ

ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ ಪಳೆಯುಳಿಕೆಗಳಿಗೆ ಅಂಟಿದ ಮಣ್ಣು ಕೆರೆಯುವ ಕೆಲಸಕ್ಕೆ ಸೇರುವ ಮೊದಲು ಸಿಗಡಿಯಕ್ಕ ಇಪ್ಪತ್ತಾರು ವರ್ಷ ಮೀನಿನ ಕಾರ್ಖಾನೆಯಲ್ಲಿ ಸಿಗಡಿ ಬಿಡಿಸಿದವಳು. ತಲೆ ಮುರಿ, ಸಿಪ್ಪೆ ಸುಲಿ, ಬೆನ್ನಿನ ಕಪ್ಪು ನರ ಎಳೆ. ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದಳು. ಕಾರ್ಖಾನೆ ಮುಚ್ಚಿತು. ಇಲ್ಲಿ ಆರು ತಿಂಗಳು ಕೈಗುಣ ನೋಡಿ ಕಾಯಂ ಮಾಡುವುದೆಂದು ಮಾತಾಗಿತ್ತು.

"ಸತ್ತ ಸಿಗಡಿ ಸಾಲದು ಅಂತ ಈಗ ಕಲ್ಲಾಗಿದ್ದನ್ನೂ ಬಿಡಿಸ್ತೀಯಾ?" ಎಂದು ಅತ್ತೆ ನಕ್ಕಿದ್ದರು.

ನಗಲಿ ಬಿಡಿ. ಅವಳಿಗೆ ಕುತೂಹಲ ತಡೆಯಲಾಗುತ್ತಿರಲಿಲ್ಲ. ಏಡಿಗೂ ಸಿಗಡಿಗೂ ಒಂದೇ ವಂಶ, ಈ ಕಲ್ಲಿನಲ್ಲಿರುವುದು ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಅಳಿದುಹೋದ ಸಿಗಡಿ ಎಂದು ಪಳೆಯುಳಿಕೆಗಳ ಉಸ್ತುವಾರಿ ನೋಡುವ ಮೇಡಂ ಹೇಳಿಕೊಟ್ಟಿದ್ದರು. ಬಾಲದ ಸಿಪ್ಪೆ ಬಳೆಬಳೆಯಾಗಿರುತ್ತದಲ್ಲ, ಎರಡನೆಯ ಬಳೆ ತನ್ನ ಹಿಂದುಮುಂದಿನ ಎರಡನ್ನೂ ಮುಚ್ಚಿದೆಯೇ ಎಂದು ನೋಡಿ ಯಾವ ಕವಲಿನ ಸಿಗಡಿ ಎಂದು ಹೇಳುವುದರಲ್ಲಿ ಸಿಗಡಿಯಕ್ಕ ಮೇಡಂಗಿಂತ ಒಂದು ಕೈ ಮೇಲು. ಒಂದು ಮಾತ್ರ ಇಬ್ಬರಿಗೂ ಬಗೆಹರಿದಿರಲಿಲ್ಲ. ಇದು ಸತ್ತ ಸಿಗಡಿಯೋ, ಬೆಳೆಯುವಾಗ ಕಳಚಿಬಿಟ್ಟ ಬರೀ ಸಿಪ್ಪೆಯೋ?

ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ ಸೂಜಿ ಹಿಡಿದಳು. ಮಣ್ಣು ಉದುರಿದಂತೆ ಕಲ್ಲುಸಿಗಡಿಯ ಬೆನ್ನಿನ ಮೇಲೆ ಕಪ್ಪು ಗೆರೆಯೊಂದು ಕಂಡಿತು. ಕೈ ತನ್ನ ಪಾಡಿಗೆ ತಾನು ಅದನ್ನು ಕೆರೆಯತೊಡಗಿತು. ಅರ್ಧ ಹೋದ ಮೇಲೆ ಸೂಜಿ ತಟ್ಟನೆ ಎತ್ತಿದಳು. ಅದು ಮಣ್ಣಲ್ಲ, ಕರುಳು; ಕಾರ್ಖಾನೆಯಲ್ಲಿ ನರ ಎಂದು ಎಳೆದೆಸೆಯುತ್ತಿದ್ದದ್ದು ಇದನ್ನೇ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲಸ ಹೋದಂತೆಯೇ ಎಂದುಕೊಂಡೇ ಮೇಡಂ ಬಳಿಗೆ ಹೋದಳು.

"ನರ ತೆಗೆದುಬಿಟ್ಟೆ ಮೇಡಂ. ಅರ್ಧ. ಕೈ ಅಭ್ಯಾಸ."

ಮೇಡಂ ಓಡಿಬಂದು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಕಳಚಿದ ಸಿಪ್ಪೆಯಲ್ಲಿ ತುಂಬಿದ ಕರುಳು ಇರುವುದಿಲ್ಲ, ಇದು ಉಂಡು ಸತ್ತ ಸಿಗಡಿಯೇ ಎಂದರು. ಮುಖ ಮಾತ್ರ ಗಂಟು ಹಾಕಿಕೊಂಡೇ ಇತ್ತು.

"ಪುಡಿ ಎಲ್ಲಿ ಅಕ್ಕಾ? ಊದಿಬಿಟ್ರಾ?"

ಕಾರ್ಖಾನೆಯಲ್ಲಿ ನರ ನೆಲಕ್ಕೆ ಬಿದ್ದರೆ ಬೈಗುಳ. ಎಡಗೈ ಪಕ್ಕ ಗುಡ್ಡೆ ಹಾಕುವುದು ಅವಳಿಗೆ ಅಂದಿನಿಂದ ರೂಢಿ. ಕಾಗದದ ಮೇಲೆ ಚಿಟಿಕೆಯಷ್ಟು ಕಪ್ಪು ಪುಡಿ ಹಾಗೇ ಇತ್ತು. ಮೇಡಂ ಉಸಿರು ಬಿಗಿಹಿಡಿದು ಅದನ್ನು ಗಾಜಿನ ಸೀಸೆಗೆ ಇಳಿಸಿದರು. ಸಿಗಡಿ ತಿಂದದ್ದೇನೆಂದು ಅದರಲ್ಲಿ ಹುಡುಕಬಹುದಂತೆ. ಆಮೇಲೆ ಸರಿಯಾಗಿ ಬೈದರು.

"ಮುಂದಿನ ವರ್ಷ ಇನ್ನೂ ದೊಡ್ಡ ಕಲ್ಲು ಬರುತ್ತೆ. ಬೆನ್ನು ಮುಟ್ಟೋ ಮೊದಲು ನನ್ನ ಕರೀರಿ."

ಮುಂದಿನ ವರ್ಷ ಎಂಬುದು ಕಿವಿಗೆ ಬಿದ್ದಾಗ ಸಿಗಡಿಯಕ್ಕನ ಕಣ್ಣು ತುಂಬಿತು. ಇಪ್ಪತ್ತಾರು ವರ್ಷ ಅವಳು ಬಕೆಟ್ಟುಗಟ್ಟಲೆ ಎಸೆದದ್ದಕ್ಕೆ ಯಾರೂ ಸೀಸೆ ಹಿಡಿದಿರಲಿಲ್ಲ.

"ಏನು ತಿಂದಿತ್ತು ಅಂತ ನಂಗೂ ಹೇಳ್ತೀರಲ್ವಾ?" ಎಂದು ಕೇಳಿದಳು.