ಕಾಕಾನ ಬಲಗೈ ಮತ್ತು ನನ್ನ ಹ್ಯಾಂಡ್‌ಬ್ರೇಕ್ ಕೇಬಲ್

ವಾಡಿ, ಶಹಾಬಾದ್ ಕಡೆ ನಾವು ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಕಲ್ಲಿನ ಪುಡಿ ಕೇಬಲ್ಲಿನ ಕವಚದೊಳಗೆ ಸೇರಿ, ಮಳೆಗೆ ನೆನೆದು ಗಟ್ಟಿಯಾಗುತ್ತದೆ. ಒಮ್ಮೆ ಎಳೆದರೆ ಹಿಂದಿನ ಗಾಲಿ ಹಿಡಿದುಕೊಂಡು ಬಿಡುವುದೇ ಇಲ್ಲ. ಹಾಗಾಗಿ ಕಾರಿನಲ್ಲಿ ಫರ್ಶಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಒಂದು ತುಂಡು ಇಟ್ಟುಕೊಂಡಿರುತ್ತೇವೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಪಕ್ಕದಲ್ಲಿ ಕೂತವರು ಇಳಿದು ಅದನ್ನು ಗಾಲಿಗೆ ಒಡ್ಡಿ, ಕಾರಿನ ಮೈಗೆ ಎರಡು ಸಲ ತಟ್ಟುತ್ತಾರೆ. ತಟ್ಟುವವರೆಗೆ ಓಡಿಸುವವನು ಬ್ರೇಕಿನಿಂದ ಕಾಲು ತೆಗೆಯಬಾರದು.

ನನ್ನ ಕಾರಿನ ಕೇಬಲ್ ಎರಡು ಮಳೆಗಾಲದಿಂದ ಜಾಮ್ ಆಗಿತ್ತು. ಬದಲಿಸಲು ಚಿತ್ತಾಪುರದ ಗ್ಯಾರೇಜಿನ ಮಿಸ್ತ್ರಿ ಹೇಳಿದ್ದ. ಪತ್ರಿಕೆಗೆ ಸುದ್ದಿ ತರುವ ಓಡಾಟದಲ್ಲಿ ನಾನು ಮುಂದೂಡುತ್ತ ಬಂದೆ.

ನನ್ನ ಕಾಕಾ ರಾವೂರಿನ ಕಲ್ಲಿನ ಅಡ್ಡೆಯಲ್ಲಿ ಉಳಿ ಹಿಡಿದು ಫರ್ಶಿಯ ಅಂಚು ಹೊಡೆಯುತ್ತಿದ್ದರು. ಒಂದು ರಜೆಯ ದಿನ, ನನ್ನ ಮನೆಗೆ ಹಾಸುಗಲ್ಲು ಆರಿಸಲು ಇಬ್ಬರೂ ಅಲ್ಲಿಗೆ ಹೋದೆವು. ಅಡ್ಡೆಯಲ್ಲಿ ಯಾರೂ ಇರಲಿಲ್ಲ. ಏರಿನಲ್ಲಿ ಕಾರು ನಿಲ್ಲಿಸಿದೆ. ಕಾಕಾ ಕಲ್ಲು ಹಿಡಿದು ಹಿಂದಕ್ಕೆ ಹೋದರು. ಆಗ ಕಚೇರಿಯಿಂದ ಫೋನ್ ಬಂತು. ಅದನ್ನು ಕೈಗೆತ್ತಿಕೊಳ್ಳುವಾಗ ಕಾಲು ಸಡಿಲಿಸಿದೆ. ಅವರಿನ್ನೂ ತಟ್ಟಿರಲಿಲ್ಲ. ಕಾರು ಉರುಳಿದ್ದು ಒಂದು ಗೇಣು ಮಾತ್ರ. ಅವರ ಬಲಗೈ ಗಾಲಿ ಮತ್ತು ಕಲ್ಲಿನ ನಡುವೆ ಸಿಕ್ಕಿತು.

ಕಲಬುರಗಿಯ ಆಸ್ಪತ್ರೆಯಲ್ಲಿ ಏನಾಯಿತೆಂದು ಡಾಕ್ಟರು ನನ್ನನ್ನು ಕೇಳಿದರು. ಉತ್ತರ ಕಾಕಾ ಕೊಟ್ಟರು.

"ಫರ್ಶಿ ಎತ್ತಾಕ ಹೋಗಿದ್ದೆ ಸಾಹೇಬ್ರ, ಕೈಮ್ಯಾಲ ಬಿತ್ತು."

ಡಾಕ್ಟರು ಹಾಗೆಯೇ ಬರೆದುಕೊಂಡರು. ಹೊರಗೆ ಕಾಕಾ ನನಗೆ ಹೇಳಿದ್ದು ಇಷ್ಟೇ: "ಕೇಸು ಗೀಸು ಬ್ಯಾಡ. ಸುಮ್ಮನಿರು." ಡಾಕ್ಟರು ಅವರ ಮೂರು ಬೆರಳು ಕತ್ತರಿಸಿ ತೆಗೆದರು.

ಮರುವಾರ ಕೇಬಲ್ ಹಾಕಿಸಿದೆ. ಮಿಸ್ತ್ರಿ ಹಿಂದಿನ ಡ್ರಮ್ ಬಿಚ್ಚಿ, ಹಳೆಯ ಕೇಬಲ್ ಎಳೆದು ತೆಗೆದ. ಒಳಗಿನ ತಂತಿಯ ಮೇಲೆ ಸುಣ್ಣದಂಥ ಬಿಳಿ ಹೆಕ್ಕಳೆ ಕಟ್ಟಿತ್ತು.

"ಊರ ಮಂದಿ ತಪ್ಪೆಲ್ಲಾ ಪೇಪರಿನ್ಯಾಗ ಬರೀತೀರಿ, ನಿಮ್ಮ ಗಾಡಿ ಕೆಳಗ ಒಮ್ಮೆ ಬಗ್ಗಿ ನೋಡಂಗಿಲ್ಲೇನ್ರಿ?" ಎಂದ. ಹೊಸದಕ್ಕೆ ಗ್ರೀಸ್ ಹಚ್ಚಿ, ಹಿಡಿಕೆ ಆರನೇ ಹಲ್ಲಿಗೆ ಬಿಗಿಯಾಗುವಂತೆ ನಟ್ಟು ತಿರುವಿದ. "ದಿನಾ ಎಳೀರಿ, ದಿನಾ ಬಿಡ್ರಿ. ಎಳೀದ ಹಂಗೇ ಬಿಟ್ರ ಜಾಮ್ ಆಗ್ತದ." ಕೈ ಒರೆಸಿಕೊಳ್ಳುತ್ತ ಕೇಳಿದ, "ಕಾಕಾ ಹ್ಯಾಂಗ ಅದಾರ?"

ಕಾಕಾನ ಕೈಮೇಲೆ ಕಲ್ಲು ಬಿತ್ತೆಂದೇ ಅವನಿಗೂ ಹೇಳಿದೆ.

ಗಾಯ ಮಾಗಿದ ಮೇಲೆ, ಬೇರೆ ಏನಾದರೂ ಕೆಲಸ ಕೊಡಿರೆಂದು ಕೇಳಲು ಕಾಕಾನನ್ನು ಅಡ್ಡೆಗೆ ಕರೆದೊಯ್ದೆ. ಮಾಲೀಕ ಉಳಿದ ಎರಡು ಬೆರಳು ನೋಡಿ ತಲೆ ಅಲ್ಲಾಡಿಸಿದ.

"ಹುಟ್ಟಿದಾಗಿಂದ ಕಲ್ಲಿನ್ಯಾಗ ಅದೀ, ಕಲ್ಲು ಯಾ ಕಡಿ ಬೀಳ್ತದ ತಿಳೀಲಿಲ್ಲೇನು? ರಜಾದಿನ ಬಂದು ಮುಟ್ಟು ಅಂದವ್ರ್ಯಾರು? ಕೈ ಹೋದ್ರ ಹೋಗಲಿ, ಎಚ್ಚರ ಹೋದವನ್ನ ಇಟ್ಕೊಳ್ಳಾಕ ಆಗಂಗಿಲ್ಲ."

ಫರ್ಶಿ ಜೋಡಿಸುತ್ತಿದ್ದ ಇಬ್ಬರು ನಕ್ಕರು. "ಮುದಕಗ ಕಲ್ಲೂ ತಿರುಗಿ ಬಿತ್ತು ನೋಡು," ಎಂದ ಒಬ್ಬ. ಅವರಿಬ್ಬರಿಗೂ ಉಳಿ ಹಿಡಿಯಲು ಕಲಿಸಿದ್ದು ಕಾಕಾ.

ಮಾಲೀಕ ನನ್ನ ಕಡೆ ತಿರುಗಿದ. "ನೀವ್ ಅಲ್ಲೇ ಇದ್ರಲ್ಲ. ಇವನ ತಪ್ಪೇ ಹೌದಲ್ರಿ?"

ಕಾಕಾ ನನ್ನತ್ತ ನೋಡಲಿಲ್ಲ.

"ಹೌದು," ಎಂದೆ.