ಬಾಗಿಲ ಹಿಂದಿನ ಲೋಟಗಳು

ರಾತ್ರಿ ಎರಡೂಮುಕ್ಕಾಲು. ಬಾಗಿಲ ಬಳಿ ಸ್ಟೀಲ್ ಲೋಟ ಬಿದ್ದ ಸದ್ದಿಗೆ ಎಚ್ಚರವಾಯಿತು.

ಚಿಕ್ಕವಳಿದ್ದಾಗ ಸಹಕಾರನಗರದ ಮನೆಯಲ್ಲಿ ಅಜ್ಜಿ ಜೊತೆ ಕ್ರೈಮ್ ಧಾರಾವಾಹಿ ನೋಡುತ್ತಿದ್ದೆ. ಅದರಲ್ಲಿ ಅಬ್ಬರದ ಸಂಗೀತವಿರಲಿಲ್ಲ. ಪೊಲೀಸರು ಬೆವರು ಒರೆಸಿಕೊಂಡು ಚಿತ್ರಾನ್ನ ತಿನ್ನುತ್ತಿದ್ದರು. ಕೊಲೆಗಾರ ನಮ್ಮ ಹಾಲಿನವನಂತೆ ನಗುತ್ತಾ ಕುಡಿಯಲು ನೀರು ಕೇಳುತ್ತಿದ್ದ. ಅಷ್ಟು ನಿಜದಂತಿದ್ದುದಕ್ಕೇ ಅಷ್ಟು ಚೆನ್ನಾಗಿತ್ತು, ಅಷ್ಟು ಭಯವೂ ಆಗುತ್ತಿತ್ತು.

ಮುಗಿದ ಮೇಲೆ ಅಜ್ಜಿ, ಯಾರಾದರೂ ಬಾಗಿಲು ತಳ್ಳಿದರೆ ಸದ್ದಾಗಲಿ ಎಂದು, ಬಾಗಿಲಿಗೆ ತಾಗಿಸಿ ಎರಡು ಲೋಟ ಒಂದರ ಮೇಲೊಂದು ಇಡುತ್ತಿದ್ದರು.

"ಅದು ಬರೀ ನಾಟಕ ಅಲ್ವಾ ಅಜ್ಜಿ?"

"ಕಳ್ಳರೂ ನೋಡ್ತಿರ್ತಾರೆ ಕಣೇ."

ಆ ಲೋಟಗಳು ಒಮ್ಮೆಯೂ ಬೀಳಲಿಲ್ಲ.

ಈಗ ನಾನೂ ಹಾಗೇ ಇಡುತ್ತೇನೆ. ಇವತ್ತು ಬಿದ್ದಿವೆ. ನಮ್ಮವರು ನೈಟ್ ಶಿಫ್ಟ್, ಫೋನ್ ಎತ್ತುತ್ತಿಲ್ಲ. ಮಗು ಪಕ್ಕದಲ್ಲಿ ಮಲಗಿದೆ. ಪೊಲೀಸರಿಗೆ ಏನೆಂದು ಹೇಳಲಿ, ಲೋಟ ಬಿತ್ತು ಅಂತಲೇ? ಅದಕ್ಕೇ ಇಲ್ಲಿ ಪೋಸ್ಟ್ ಹಾಕುತ್ತಿದ್ದೇನೆ. ನನ್ನ ನಂಬರ್ ಇರುವವರು ಯಾರಾದರೂ ಎದ್ದಿದ್ದರೆ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ ಕಣ್ರೀ.