ರೋಸಿ ಟೀಚರ್ ತಮ್ಮನಿಗೆ ಅಂದ ಮಾತು

ಬೆಳ್ಮಣ್ಣಿನ ರೋಸಿ ಟೀಚರ್ ಮದುವೆಯಾಗಿರಲಿಲ್ಲ. ಶಾಲೆಯಿಂದ ನಿವೃತ್ತರಾಗಿ ತಮ್ಮ ಅಲೆಕ್ಸಾಂಡರನ ಮನೆಯಲ್ಲಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದರು.

ಒಮ್ಮೆ ಲೊರ್ನಾ ಎಂಬ ಹುಡುಗಿ ಕೇಳಿದಳು: "ಬೈಬಲಿನಲ್ಲಿ ಮೂರ್ಖ ಅಂತ ಬರ್ತದಲ್ಲ ಟೀಚರ್, ಅಂದ್ರೆ ಪರೀಕ್ಷೆಯಲ್ಲಿ ಫೇಲಾದವರಾ?"

"ಅಲ್ಲ ಮಗಾ. ಆ ಮೂರ್ಖನಿಗೆ ಬುದ್ಧಿ ಬೇಕಾದಷ್ಟು ಉಂಟು. ನನ್ನನ್ನು ಕೇಳುವ ದೇವರು ಇಲ್ಲ ಅಂತ ಮನಸ್ಸಿನೊಳಗೆ ತೀರ್ಮಾನ ಮಾಡಿದವನು ಅವನು. ಬೈಬಲಿನಲ್ಲಿ ನಾಬಾಲ ಅಂತ ಒಬ್ಬ ಸಾಹುಕಾರ ಬರ್ತಾನೆ, ಅವನ ಹೆಸರಿನ ಅರ್ಥವೇ ಮೂರ್ಖ; ಅವನ ಮನೆಯಲ್ಲಿ ಎಲ್ಲ ಇತ್ತು, ಹಸಿದು ಬಂದವರಿಗೆ ರೊಟ್ಟಿ ಕೊಡಲಿಲ್ಲ. ಯೇಸು ಹೇಳಿದ ಕಥೆಯ ಶ್ರೀಮಂತ ದೊಡ್ಡ ಕಣಜ ಕಟ್ಟಲು ಹೊರಟವನು, ಸಾವನ್ನೇ ಮರೆತ. ಇಬ್ಬರೂ ದಡ್ಡರಲ್ಲ. ಒಡಹುಟ್ಟಿದವರನ್ನು ಮೂರ್ಖ ಅನ್ನಬೇಡಿ ಅಂತ ಯೇಸು ಹೆದರಿಸಿದ್ದೂ ಅದಕ್ಕೇ. ಆ ಶಬ್ದಕ್ಕೆ ಅಷ್ಟು ಭಾರ."

ಅಲೆಕ್ಸಾಂಡರನಿಗೆ ಕಾರ್ಕಳದ ಹತ್ತಿರ ಕಲ್ಲಿನ ಕೋರೆ ಇತ್ತು. ಕಲ್ಲು ಮುಗಿದ ಮೇಲೆ ಆ ಗುಂಡಿಯಲ್ಲಿ ನೀರು ನಿಂತಿತ್ತು. ಸುತ್ತಲಿನ ಹೆಂಗಸರು ಬಟ್ಟೆ ಒಗೆಯಲು ಅಲ್ಲಿಗೇ ಹೋಗುತ್ತಿದ್ದರು. "ಬೇಲಿ ಹಾಕಿಸು" ಎಂದು ಟೀಚರ್ ಹೇಳಿದಾಗಲೆಲ್ಲ ಅವನು ನಗುತ್ತಿದ್ದ. "ಹೋಗಿ ಅಂತ ನಾನು ಹೇಳಿದ್ದೇನಾ, ಬಾಯ್?" ಅಕ್ಕನನ್ನು ಅವನು ಹಾಗೆ ಕರೆಯುವುದು.

ಆಗಸ್ಟಿನ ಒಂದು ಬೆಳಿಗ್ಗೆ ಕೋರೆಯ ಪಕ್ಕದ ಮನೆಯ ಕುಶಲಾ ಬಟ್ಟೆ ಹಿಂಡುವಾಗ ಜಾರಿ ಬಿದ್ದಳು. ಅಗ್ನಿಶಾಮಕದವರು ಸಂಜೆ ಹೆಣ ಮೇಲೆತ್ತಿದರು. ಗಂಡ ಸುಂದರ ದಡದಲ್ಲೇ ಕೂತಿದ್ದ.

ಮರುದಿನ ಅಲೆಕ್ಸಾಂಡರ್ ಅಕ್ಕನ ಕೋಣೆಗೆ ಬಂದ.

"ಪೊಲೀಸರು ಕೇಳಿದರೆ, ಬೇಲಿ ಇತ್ತು, ಯಾರೋ ತಂತಿ ಕದ್ದರು ಅಂತ ಹೇಳು. ಟೀಚರ್ ಹೇಳಿದರೆ ನಂಬುತ್ತಾರೆ."

"ಆ ಹೆಂಗಸಿನ ನೆನಪಾದರೂ ಉಂಟಾ ನಿನಗೆ?"

"ಸತ್ತವಳು ಸತ್ತಳು, ಬಾಯ್. ಇನ್ನು ಯಾರು ಬಂದು ಕೇಳುತ್ತಾರೆ?"

ಟೀಚರ್ ತಮ್ಮನ ಮುಖ ನೋಡಿದರು. ಅವನನ್ನು ಎತ್ತಿ ಆಡಿಸಿದವರು ಅವರೇ.

"ಮೂರ್ಖ," ಎಂದರು. ದನಿ ಏರಿರಲಿಲ್ಲ. ಹೇಳಿದ ಮೇಲೆ ಅತ್ತರು.

ಪೊಲೀಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ವಾರವೇ ಮನೆ ಬಿಟ್ಟು ಕಟಪಾಡಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿಯಬೇಕಾಯಿತು. ಸಂಬಂಧಿಕರು ಕೊಂಕಣಿಯಲ್ಲಿ "ಪಿಶಿ" ಎಂದರು, ಹುಚ್ಚಿ ಎಂದು. ಲೋಕಕ್ಕೆ ಶಿಲುಬೆಯೂ ಹುಚ್ಚುತನವಾಗಿಯೇ ಕಂಡಿತ್ತು ಎಂದು ಟೀಚರ್ ತಮಗೆ ತಾವೇ ಹೇಳಿಕೊಂಡರು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಧರ್ಮಪಾಠಕ್ಕೆ ಬೇರೆಯವರು ಬಂದರು. ಅಲೆಕ್ಸಾಂಡರನಿಗೆ ಜಾಮೀನು ಸಿಕ್ಕಿತು, ಕೇಸು ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ದಿನ ಟೀಚರ್ ಬಸ್ಸು ಹಿಡಿದು ಸುಂದರನ ಮನೆಗೆ ಹೋದರು. ಅವನು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದ.

"ನೀವು ಸತ್ಯ ಹೇಳಿದಿರಂತೆ, ಬಾಯಮ್ಮ. ಬೇಲಿ ಹಾಕಿಸು ಅಂತ ತಮ್ಮನಿಗೂ ಹೇಳುತ್ತಿದ್ದಿರಂತೆ."

"ಹೌದು ಸುಂದರ. ಎಷ್ಟೋ ಸಲ ಹೇಳಿದೆ."

ಅವನು ಅಂಗಳ ನೋಡುತ್ತಾ ಕೇಳಿದ: "ಅಪಾಯ ಅಂತ ನಿಮಗೆ ಗೊತ್ತಿತ್ತು. ಹಾಗಾದರೆ ಕುಶಲಾಳಿಗೆ ಒಂದು ಮಾತು ಯಾಕೆ ಹೇಳಲಿಲ್ಲ?"

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. ಸುಂದರ ಒಳಗೆ ಹೋಗಿ ಅವರಿಗೆ ಕುಡಿಯಲು ನೀರು ತಂದಿಟ್ಟ.